ಪೋರಸ್‌ನ ಸೈನ್ಯಕ್ಕೆ ಬಣ್ಣ: ನಿಮ್ಮ ಪ್ರಶ್ನೆ, ನಮ್ಮ ಉತ್ತರ

ಮೇಜಿನ ಮೇಲಿನ ಯುದ್ಧದಾಟಕ್ಕೆ 15 ಮಿಮೀ ಲೋಹದ ಬೊಂಬೆಗಳಿಂದ ಪ್ರಾಚೀನ ಸೈನ್ಯ ಕಟ್ಟುತ್ತಿರುವವರ ಪತ್ರಗಳಲ್ಲಿ ಈ ಸಲ ಹೆಚ್ಚಿನವು ಒಂದೇ ಸೈನ್ಯದ ಬಗ್ಗೆ ಇವೆ. ಕ್ರಿ.ಪೂ. 326ರಲ್ಲಿ ಝೇಲಂ ನದಿಯ ದಂಡೆಯಲ್ಲಿ ಅಲೆಕ್ಸಾಂಡರ್‌ನಿಗೆ ಎದುರು ನಿಂತ ಪೋರಸ್‌ನ ಸೈನ್ಯ ಅದು. ಹಾಗಾಗಿ ಇಡೀ ಅಂಕಣ ಅದಕ್ಕೇ ಮೀಸಲು.

ಡಿ.ಬಿ.ಎ. ನಿಯಮದಲ್ಲಿ ಆಡಲು ಎಷ್ಟು ಬೊಂಬೆ ತರಿಸಬೇಕು? ಬೇಸ್‌ಗೆ ದಪ್ಪ ರಟ್ಟು ಸಾಕೇ?
– ಕೆ., ಮೈಸೂರು

ಡಿ.ಬಿ.ಎ. (ಡಿ ಬೆಲ್ಲಿಸ್ ಆಂಟಿಕ್ವಿಟಾಟಿಸ್) ಪ್ರಾಚೀನ ಯುದ್ಧದಾಟದ ಒಂದು ನಿಯಮಾವಳಿ. ಅದರಲ್ಲಿ ಒಂದು ಸೈನ್ಯಕ್ಕೆ 12 ಬೇಸ್, ಅಂದರೆ ಬೊಂಬೆಗಳನ್ನು ಅಂಟಿಸಿ ನಿಲ್ಲಿಸುವ ಚಪ್ಪಟೆ ತುಂಡುಗಳು. 15 ಮಿಮೀ ಬೊಂಬೆಗಳಿಗೆ ಎಲ್ಲ ಬೇಸ್‌ಗಳ ಅಗಲವೂ 40 ಮಿಮೀ. ಆಳ ಮಾತ್ರ ಬೇರೆ ಬೇರೆ. ನಾಲ್ಕು ಬಿಲ್ಲಾಳುಗಳ ಬೇಸ್ 20 ಮಿಮೀ ಆಳ, ಮೂರು ಕುದುರೆ ಸವಾರರದ್ದು 30, ಒಂದು ಆನೆ ಅಥವಾ ಒಂದು ರಥದ್ದು 40. ಯಾವುದು ಎಷ್ಟು ಎಂಬುದನ್ನು ನಿಮ್ಮ ಕೈಯಲ್ಲಿರುವ ಆವೃತ್ತಿಯ ಪಟ್ಟಿ ನೋಡಿ ತೀರ್ಮಾನಿಸಿ. ಮೂರು ಆನೆ, ಎರಡು ರಥ, ಎರಡು ಬೇಸ್ ಸವಾರರು, ಐದು ಬೇಸ್ ಬಿಲ್ಲಾಳುಗಳು ಎಂದು ಹಿಡಿದರೆ, ಆನೆ ಮತ್ತು ರಥದ ಮೇಲೆ ಕೂರುವವರೂ ಸೇರಿ ಸುಮಾರು ಐವತ್ತು ಆಳುಗಳಿಗೆ ಬಣ್ಣ ಹಚ್ಚಬೇಕಾಗುತ್ತದೆ.

ರಟ್ಟು ಬೇಡ. ಮೇಲ್ಮೈಗೆ ಫೆವಿಕಾಲ್ ಬಳಿದಾಗ ಒಂದೇ ಮಗ್ಗುಲು ನೀರು ಕುಡಿದು ಹಿಗ್ಗುತ್ತದೆ, ಒಣಗುವಾಗ ಕುಗ್ಗುತ್ತದೆ, ನಾಲ್ಕೂ ಮೂಲೆ ಮೇಲೇಳುತ್ತವೆ. 2 ಮಿಮೀ ಎಂ.ಡಿ.ಎಫ್. ಹಲಗೆಯನ್ನು ಲೇಸರ್ ಕಟಿಂಗ್ ಅಂಗಡಿಯಲ್ಲಿ ಅಳತೆಗೆ ಕತ್ತರಿಸಿಕೊಳ್ಳಿ. ಅಡಿಗೆ ಮ್ಯಾಗ್ನೆಟ್ ಹಾಳೆ ಅಂಟಿಸಿ ತಗಡಿನ ಡಬ್ಬಿಯಲ್ಲಿಟ್ಟರೆ ಬೇಸ್‌ಗಳು ಅಲುಗುವುದಿಲ್ಲ, ಈಟಿಗಳೂ ಉಳಿಯುತ್ತವೆ.

ಭಾರತೀಯ ಸೈನಿಕರ ಬಟ್ಟೆ ಯಾವ ಬಣ್ಣ? ಎಲ್ಲರಿಗೂ ಬಿಳಿ ಹಚ್ಚಿದೆ, ಸುಣ್ಣ ಬಳಿದ ಹಾಗೆ ಕಾಣುತ್ತಿದೆ.
– ಎಂ.ಆರ್., ಹುಬ್ಬಳ್ಳಿ

ಬಣ್ಣದ ಆಯ್ಕೆ ಸರಿ, ಹಚ್ಚಿದ ರೀತಿ ತಪ್ಪು. ಅಲೆಕ್ಸಾಂಡರ್‌ನ ನೌಕಾಧಿಪತಿ ನಿಯಾರ್ಕಸ್ ಹೇಳಿದ್ದನ್ನು ಗ್ರೀಕ್ ಇತಿಹಾಸಕಾರ ಅರಿಯನ್ ತನ್ನ ‘ಇಂಡಿಕಾ’ದಲ್ಲಿ ದಾಖಲಿಸಿದ್ದಾನೆ: ಬಲು ಬಿಳುಪಾದ ಹತ್ತಿಯ ಬಟ್ಟೆ, ಮೊಣಕಾಲಿನಿಂದ ಕೆಳಗೆ ಅರ್ಧದವರೆಗೆ ಇಳಿಯುವ ಉಡುಪು, ಹೆಗಲ ಮೇಲೊಂದು ವಸ್ತ್ರ, ತಲೆಗೆ ಸುತ್ತಿದ್ದು ಇನ್ನೊಂದು. ಮೈ ಕಪ್ಪಾಗಿರುವುದರಿಂದ ಬಟ್ಟೆ ಇನ್ನಷ್ಟು ಬೆಳ್ಳಗೆ ಕಾಣುತ್ತಿರಬಹುದು ಎಂದೂ ಆತ ಸೇರಿಸುತ್ತಾನೆ. ಬಣ್ಣ ಹಚ್ಚುವವರಿಗೆ ಇದು ಉಪಯೋಗದ ಮಾತು: ಬಿಳಿ ಎದ್ದು ಕಾಣಬೇಕಾದರೆ ಅದರ ಪಕ್ಕದ್ದು ಗಾಢವಾಗಿರಬೇಕು.

ಮೊದಲು ಮೈಬಣ್ಣ ಮುಗಿಸಿ. ಬರ್ನ್ಟ್ ಅಂಬರ್ (ಗಾಢ ಕಂದು) ಎರಡು ಪಾಲು, ಯೆಲ್ಲೋ ಓಕರ್ (ಮಣ್ಣಿನ ಹಳದಿ) ಒಂದು ಪಾಲು ಒಂದು ಮಿಶ್ರಣ. ಅಂಬರ್ ಮತ್ತು ಬರ್ನ್ಟ್ ಸಿಯೆನ್ನಾ (ಕೆಂಗಂದು) ಸಮಪಾಲು ಇನ್ನೊಂದು. ಮೂರನೆಯದಕ್ಕೆ ಓಕರ್ ಸ್ವಲ್ಪ ಮುಂದಿರಲಿ. ಒಂದೇ ಬೇಸ್‌ನಲ್ಲಿ ಮೂರನ್ನೂ ಬೆರೆಸಿ ನಿಲ್ಲಿಸಿ. ಒಂದೇ ಅಚ್ಚಿನಿಂದ ಬಂದ ಬೊಂಬೆಗಳೆಂಬುದು ಆಗ ಗೊತ್ತಾಗುವುದಿಲ್ಲ.

ಬಟ್ಟೆಗೆ ಅಪ್ಪಟ ಬಿಳಿಯಿಂದ ಶುರು ಮಾಡಬೇಡಿ. ಬಿಳಿ ಹತ್ತು ಹನಿಗೆ ಓಕರ್ ಒಂದು ಹನಿ, ಅಂಬರ್ ಸೂಜಿಮೊನೆಯಷ್ಟು ಬೆರೆಸಿ ತೆಳುವಾಗಿ ಎರಡು ಕೋಟ್ ಕೊಡಿ. ಒಣಗಿದ ಮೇಲೆ ವಾಶ್, ಅಂದರೆ ನೆರಿಗೆಗಳಿಗೆ ಇಳಿಯುವ ತೆಳು ಬಣ್ಣ: ಅಂಬರ್ ಒಂದು ಪಾಲು, ಮ್ಯಾಟ್ ಮೀಡಿಯಂ (ಹೊಳಪಿಲ್ಲದ, ಬಣ್ಣವಿಲ್ಲದ ಅಕ್ರಿಲಿಕ್ ದ್ರವ) ನಾಲ್ಕು, ನೀರು ಐದು. ಮೀಡಿಯಂ ಬಿಟ್ಟು ಬರೀ ನೀರು ಹಾಕಿದರೆ ಬಣ್ಣದ ಕಣಗಳೆಲ್ಲ ಹನಿಯ ಅಂಚಿಗೆ ಸರಿದು, ನೆರಿಗೆಯ ಒಳಗೆ ಕೂರಬೇಕಾದ ಕಂದು ಬಟ್ಟೆಯ ನಡುವೆ ಉಂಗುರದಂಥ ಕಲೆ ಬಿಡುತ್ತದೆ. ವಾಶ್ ಪೂರ್ತಿ ಒಣಗಲಿ. ಆಮೇಲೆ ಹೆಗಲು, ತೊಡೆಯ ಮೇಲ್ಭಾಗ, ರುಮಾಲಿನ ಸುತ್ತುಗಳ ಏರಿಗೆ ಮಾತ್ರ ಅಪ್ಪಟ ಬಿಳಿ ಎಳೆಯಿರಿ. ಆಟದ ಮೇಜಿನಿಂದ ಎರಡು ಅಡಿ ದೂರ ನಿಂತು ನೋಡುವ ಕಣ್ಣಿಗೆ ಬೇಕಾದದ್ದು ಇಷ್ಟೇ. ಕಣ್ಣುಗುಡ್ಡೆ ಬಿಡಿಸಲು ಕೂರಬೇಡಿ. ಈ ಅಳತೆಯಲ್ಲಿ ಎಲ್ಲರೂ ಬೆಚ್ಚಿಬಿದ್ದವರ ಹಾಗೆ ಕಾಣುತ್ತಾರೆ.

ಇನ್ನು ಸ್ವಾರಸ್ಯದ್ದು ಗಡ್ಡ. ಭಾರತೀಯರು ಗಡ್ಡಕ್ಕೆ ಬಿಳಿ, ಕಡುನೀಲಿ, ಕೆಂಪು, ನೇರಳೆ, ಹಸಿರು ಬಣ್ಣ ಹಾಕಿಕೊಳ್ಳುತ್ತಿದ್ದರು ಎಂದೂ ನಿಯಾರ್ಕಸ್ ಹೇಳಿದ್ದಾನೆ. ಎರಡು ಬೇಸ್‌ಗೆ ಒಬ್ಬನಿಗೆ ಹಸಿರೋ ನೀಲಿಯೋ ಗಡ್ಡ ಬಿಡಿಸಿ ನೋಡಿ, ಎದುರಾಳಿ ಕೇಳದೆ ಬಿಡುವುದಿಲ್ಲ.

ಗುರಾಣಿ ಹಸಿ ತೊಗಲಿನದು, ಆಳಿಗಿಂತ ಅಗಲದಲ್ಲಿ ಕಡಿಮೆ, ಎತ್ತರದಲ್ಲಿ ಹೆಚ್ಚುಕಡಿಮೆ ಆಳಿನಷ್ಟೇ. ದನದ ಚರ್ಮದ ಕಂದು, ಕಪ್ಪು, ಬಿಳಿ ಮಚ್ಚೆಗಳನ್ನು ಸ್ಪಂಜಿನ ಚೂರಿನಿಂದ ಒತ್ತಿದರೆ ಸಾಕು. ಬೊಂಬೆ ಕೊಳ್ಳುವಾಗ ಬಿಲ್ಲನ್ನೂ ಗಮನಿಸಿ: ಅದು ಆಳೆತ್ತರ ಇರಬೇಕು. ಗಿಡ್ಡ ಬಾಗುಬಿಲ್ಲು ಹಿಡಿದವರು ಬೇರೆ ಸೈನ್ಯಕ್ಕೆ ಸೇರಿದವರು.

ಆನೆಯ ಜೊತೆ ಗೋಪುರದಂಥ ಅಂಬಾರಿಯೂ ಬಂದಿದೆ. ಅಂಟಿಸಲೇ? ಆನೆಯ ಬಣ್ಣ ಸಿಮೆಂಟಿನ ಹಾಗೆ ಆಗಿದೆ.
– ಪಿ.ಎನ್., ಶಿವಮೊಗ್ಗ

ಪೋರಸ್‌ನ ಆನೆಗೆ ಗೋಪುರ ಬೇಡ. ಅದು ಅಲೆಕ್ಸಾಂಡರ್ ಸತ್ತ ನಂತರ ಅವನ ಸೇನಾನಿಗಳು ಕಟ್ಟಿದ ರಾಜ್ಯಗಳ ಸೈನ್ಯಗಳಲ್ಲಿ ಬಳಕೆಗೆ ಬಂದದ್ದು. ಯುದ್ಧದ ಆನೆಯ ಮೇಲೆ ಮಾವುತನಲ್ಲದೆ ಮೂವರು ಬಿಲ್ಲಾಳುಗಳು ಇರುತ್ತಿದ್ದರೆಂದು ಚಂದ್ರಗುಪ್ತ ಮೌರ್ಯನ ಆಸ್ಥಾನಕ್ಕೆ ಬಂದಿದ್ದ ಗ್ರೀಕ್ ರಾಯಭಾರಿ ಮೆಗಾಸ್ತನೀಸ್ ಹೇಳುತ್ತಾನೆ. ಬೆನ್ನಿಗೆ ಜಮಖಾನ ಹೊದಿಸಿ ಅವರನ್ನು ಅದರ ಮೇಲೇ ಕೂರಿಸಿ. ದಸರೆಯ ಆನೆಯನ್ನು ಮನಸ್ಸಿನಲ್ಲಿಟ್ಟುಕೊಂಡರೆ ಎಲ್ಲವೂ ಹೆಚ್ಚಾಗುತ್ತದೆ.

ಇನ್ನು ಬಣ್ಣ. ಕಪ್ಪಿಗೆ ಬಿಳಿ ಬೆರೆಸಿದರೆ ನೀಲಿ ಛಾಯೆಯ ಬೂದು ಬರುತ್ತದೆ, ಅದೇ ನಿಮ್ಮ ಸಿಮೆಂಟು. ಕಪ್ಪು ಮತ್ತು ಬರ್ನ್ಟ್ ಅಂಬರ್ ಸಮಪಾಲು ಬೆರೆಸಿ ತಳಕ್ಕೆ ಹಚ್ಚಿ. ಅದಕ್ಕೇ ಬಿಳಿ ಮತ್ತು ಚೂರು ಓಕರ್ ಸೇರಿಸುತ್ತಾ ಎರಡು ಹಂತ ಡ್ರೈಬ್ರಶ್ ಮಾಡಿ. ಬ್ರಶ್ಶನ್ನು ಕಾಗದದ ಮೇಲೆ ಒರೆಸಿ, ಬಣ್ಣ ಬಹುತೇಕ ಹೋದ ಮೇಲೆ ಸುಕ್ಕುಗಳಿಗೆ ಅಡ್ಡಲಾಗಿ ಆಡಿಸಬೇಕು; ಸುಕ್ಕಿನ ಉದ್ದಕ್ಕೆ ಎಳೆದರೆ ಬಣ್ಣ ಸಂದಿಗೂ ಇಳಿಯುತ್ತದೆ. ನಿಮ್ಮೂರಿನ ಹತ್ತಿರದ ಸಕ್ರೆಬೈಲಿನ ಆನೆ ಬಿಡಾರಕ್ಕೆ ಒಮ್ಮೆ ಬೆಳಿಗ್ಗೆ ಹೋಗಿ ಬನ್ನಿ: ಮಿಂದ ಆನೆ ಹೆಚ್ಚುಕಡಿಮೆ ಕಪ್ಪು, ಮೈಮೇಲೆ ಮಣ್ಣು ಎರಚಿಕೊಂಡ ಆನೆ ಆ ನೆಲದ ಬಣ್ಣ. ಕಿವಿಯ ಅಂಚು, ಸೊಂಡಿಲ ಬುಡದಲ್ಲಿ ತಿಳಿಗುಲಾಬಿ ಚುಕ್ಕೆಗಳು ಇರುತ್ತವೆ; ನಮ್ಮ ಆನೆಯ ಗುರುತೇ ಅದು. ಮುಂಗಾಲಿಗೆ ಐದು, ಹಿಂಗಾಲಿಗೆ ಸಾಮಾನ್ಯವಾಗಿ ನಾಲ್ಕು ಉಗುರು, ಮಾಸಲು ಕೆನೆಬಣ್ಣ. ದಂತದ ತುದಿ ಕೆನೆಬಣ್ಣ, ಬುಡದತ್ತ ಕಂದು.

ಆನೆಯ ಎರಡು ಹೋಳು ಸೇರುವ ಕಡೆ ಬಿರುಕು ಉಳಿದರೆ ಎಂ-ಸೀಲ್ ತುಂಬಿ ಒದ್ದೆ ಬೆರಳಿನಿಂದ ಸವರಿ, ಗಟ್ಟಿಯಾಗುವ ಮುಂಚೆ ಸೂಜಿಯಿಂದ ಸುಕ್ಕು ಗೀರಿಬಿಡಿ.

ಸ್ಪ್ರೇ ಪ್ರೈಮರ್ ಹೊಡೆದರೆ ಮೇಲ್ಮೈ ರವೆಯಂತೆ ಒರಟಾಗುತ್ತದೆ. ಕೊನೆಯ ವಾರ್ನಿಶ್ ಬೆಳ್ಳಗೆ ಮಂಜು ಕವಿದಂತೆ ಆಗುತ್ತದೆ.
– ಎಸ್., ಮಂಗಳೂರು

ಇವು ಎರಡು ಬೇರೆ ರೋಗಗಳು. ಒರಟಾಗುವುದು ದೂರದಿಂದ ಹೊಡೆದಾಗ, ಅದರಲ್ಲೂ ಬಿಸಿಲು, ಗಾಳಿಯಲ್ಲಿ. ಹನಿಗಳು ಬೊಂಬೆ ಮುಟ್ಟುವ ಮೊದಲೇ ಒಣಗಿ ಪುಡಿಯಾಗುತ್ತವೆ. 20ರಿಂದ 25 ಸೆಂಮೀ ಅಂತರ, ಕ್ಯಾನನ್ನು ಎರಡು ನಿಮಿಷ ಕುಲುಕುವುದು, ಬೊಂಬೆಯ ಹೊರಗೆ ಶುರುವಾಗಿ ಹೊರಗೇ ಮುಗಿಯುವ ಚಿಕ್ಕ ಚಿಕ್ಕ ಬೀಸು. ಅದಕ್ಕೂ ಮುಂಚೆ ಪಾತ್ರೆ ತೊಳೆಯುವ ಸೋಪು, ಹಳೆಯ ಟೂತ್‌ಬ್ರಶ್‌ನಿಂದ ಬೊಂಬೆಗಳನ್ನು ಉಜ್ಜಿ ತೊಳೆದಿರಬೇಕು. ಅಚ್ಚಿನಿಂದ ಬಿಡಿಸಲು ಬಳಸಿದ ಪುಡಿ, ಕೈಯ ಜಿಡ್ಡು ಉಳಿದರೆ ಪ್ರೈಮರ್ ಹಾಳೆಯಾಗಿ ಏಳುತ್ತದೆ.

ಬಿಳಿ ಮಂಜು ತೇವದ ಕೆಲಸ. ದ್ರಾವಕ ಆವಿಯಾಗುವಾಗ ಮೇಲ್ಮೈ ತಣ್ಣಗಾಗಿ, ಗಾಳಿಯ ನೀರು ಅದರ ಮೇಲೆ ಕೂತು ಒಳಗೇ ಸಿಕ್ಕಿಕೊಳ್ಳುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕರಾವಳಿಯಲ್ಲಿ ಸ್ಪ್ರೇ ಕ್ಯಾನ್ ಮುಟ್ಟದಿರುವುದೇ ಜಾಣತನ. ಕೈಯಿಂದ ಹಚ್ಚುವ ಅಕ್ರಿಲಿಕ್ ಪ್ರೈಮರ್, ಕೈಯಿಂದಲೇ ಹಚ್ಚುವ ಮ್ಯಾಟ್ ವಾರ್ನಿಶ್ ಸಾಕು. ಈಗಾಗಲೇ ಮಂಜು ಕವಿದ ಬೊಂಬೆಗಳಿಗೆ ಒಣಹವೆಯ ದಿನ ಹೊಳಪಿನ (ಗ್ಲಾಸ್) ವಾರ್ನಿಶ್ ತೆಳುವಾಗಿ ಹಚ್ಚಿ; ಹೆಚ್ಚಿನ ಸಲ ಬಣ್ಣ ಮತ್ತೆ ಮೂಡುತ್ತದೆ. ಮಾರನೆಯ ದಿನ ಅದರ ಮೇಲೆ ಮ್ಯಾಟ್. ಮ್ಯಾಟ್ ಬಾಟಲಿಯ ತಳದಲ್ಲಿ ಕೂತಿರುವ ಬಿಳಿ ಪುಡಿಯನ್ನು ಚೆನ್ನಾಗಿ ಕಲಕದಿದ್ದರೂ ಇದೇ ತೊಂದರೆ ಬರುತ್ತದೆ.

ಈಟಿಗಳು ಬಾಗಿ ಬಾಗಿ ಮುರಿಯುತ್ತಿವೆ.
– ವಿ., ಲಂಡನ್

ಎರಕದ ಈಟಿಯನ್ನು ಕತ್ತರಿಸಿ ತೆಗೆಯಿರಿ. 0.6 ಮಿಮೀ ಕೈ ಡ್ರಿಲ್‌ನಿಂದ ಮುಷ್ಟಿಗೆ ರಂಧ್ರ ಕೊರೆದು 0.5 ಮಿಮೀ ಹಿತ್ತಾಳೆ ತಂತಿ ಹಾಕಿ, ಉದ್ದ 22ರಿಂದ 25 ಮಿಮೀ. ತುದಿಯನ್ನು ಸುತ್ತಿಗೆಯಿಂದ ತಟ್ಟಿ ಚಪ್ಪಟೆ ಮಾಡಿ ಅರದಿಂದ ಎಲೆಯಾಕಾರಕ್ಕೆ ತಂದರೆ ಮೊನೆಯೂ ಸಿದ್ಧ. ಉಕ್ಕಿನ ತಂತಿ ಬಾಗುವುದಿಲ್ಲ ನಿಜ, ಆದರೆ ಆಟದ ಮಧ್ಯೆ ಬೆರಳಿಗೆ ಚುಚ್ಚುತ್ತದೆ.

ಬೇಸ್ ಮೇಲಿನ ಮರಳು ಉದುರುತ್ತದೆ, ಕೃತಕ ಹುಲ್ಲು ಮಲಗಿಬಿಡುತ್ತದೆ. ಝೇಲಂ ದಂಡೆಗೆ ಯಾವ ನೆಲ ಒಪ್ಪುತ್ತದೆ?
– ಜಿ.ಬಿ., ಬೆಂಗಳೂರು

ನೆಲದಿಂದಲೇ ಶುರು ಮಾಡೋಣ, ಈ ಯುದ್ಧದ ಕಥೆಯಲ್ಲಿ ಅರ್ಧ ಪಾಲು ನೆಲದ್ದೇ. ಪೋರಸ್‌ನ ಮುಂಗಡ ಪಡೆಯ ರಥಗಳು ಕೆಸರಿನಲ್ಲಿ ಹೂತು ಕೆಲಸಕ್ಕೆ ಬಾರದಾದವು. ಪೋರಸ್ ತನ್ನ ಮುಖ್ಯ ಸೈನ್ಯವನ್ನು ಕೆಸರಿಲ್ಲದ, ಮರಳಿನ ಗಟ್ಟಿ ಬಯಲಿನಲ್ಲಿ ನಿಲ್ಲಿಸಿದ ಎನ್ನುತ್ತಾನೆ ಅರಿಯನ್. ರೋಮನ್ ಇತಿಹಾಸಕಾರ ಕರ್ಟಿಯಸ್ ಹೇಳುವುದು ಬೇರೆ: ನೆಲ ಜಾರುತ್ತಿದ್ದುದರಿಂದ ಉದ್ದನೆಯ ಬಿಲ್ಲನ್ನು ಊರಿ ಬಾಣ ಹೂಡುವುದೇ ಕಷ್ಟವಾಯಿತು. ನಮ್ಮ ಸಲಹೆ: ಎಲ್ಲ ಬೇಸ್‌ಗೂ ತಿಳಿಕಂದು ಮರಳು ನೆಲ, ರಥಗಳ ಬೇಸ್‌ಗೆ ಮಾತ್ರ ಕೆಸರು. ಒಂದೊಂದು ಬೇಸ್‌ಗೆ ಒಂದೊಂದು ನೆಲ ಮಾಡಿದರೆ ಸೈನ್ಯ ಚೂರುಚೂರಾಗಿ ಕಾಣುತ್ತದೆ.

ಬೊಂಬೆಯ ಕಾಲಡಿಯ ಲೋಹದ ಬಿಲ್ಲೆ ಮೆಟ್ಟಿಲಿನಂತೆ ಎದ್ದಿರುತ್ತದೆ. ಗೋಡೆ ಪುಟ್ಟಿ ಮೂರು ಪಾಲು, ಫೆವಿಕಾಲ್ ಒಂದು ಪಾಲು, ಕಂದು ಬಣ್ಣ, ಸ್ವಲ್ಪ ನೀರು ಕಲಸಿ ಹಲ್ಲುಕಡ್ಡಿಯಿಂದ ಆ ಅಂಚಿಗೆ ತುಂಬಿ ಸಮ ಮಾಡಿ. ಬಣ್ಣ ಮೊದಲೇ ಬೆರೆತಿದ್ದರೆ ಮುಂದೆ ಎಲ್ಲಾದರೂ ಎದ್ದುಹೋದರೂ ಬಿಳಿ ಇಣುಕುವುದಿಲ್ಲ. ಮಾರನೆಯ ದಿನ ಫೆವಿಕಾಲ್ ಎರಡು, ನೀರು ಒಂದು ಪಾಲು ಬೆರೆಸಿ ಬಳಿದು ಮರಳಿನಲ್ಲಿ ಅದ್ದಿ. ಮರಳನ್ನು ಚಹಾ ಸೋಸುವ ಜಾಲರಿಯಲ್ಲಿ ಜರಡಿ ಹಿಡಿದಿರಬೇಕು; ಈ ಅಳತೆಗೆ ದಪ್ಪ ಹರಳು ಬಂಡೆಯಾಗುತ್ತದೆ. ಸಮುದ್ರದ ಮರಳಾದರೆ ತೊಳೆಯದೆ ಬಳಸಬೇಡಿ, ಉಪ್ಪು ಬಿಳಿಯಾಗಿ ಹೊರಬರುತ್ತದೆ. ನಿಮ್ಮ ಮರಳು ಉದುರುತ್ತಿರುವುದು ಮುಂದಿನ ಹಂತ ಬಿಟ್ಟುಹೋಗಿರುವುದರಿಂದ: ಒಣಗಿದ ಮೇಲೆ ಫೆವಿಕಾಲ್ ಒಂದು, ನೀರು ನಾಲ್ಕು ಪಾಲು, ಒಂದು ಹನಿ ಪಾತ್ರೆ ಸೋಪು ಬೆರೆಸಿ ಹನಿಹನಿಯಾಗಿ ಕುಡಿಸಬೇಕು. ಸೋಪು ಇಲ್ಲದಿದ್ದರೆ ಹನಿ ಮರಳಿನ ಮೇಲೇ ಉರುಳಾಡುತ್ತದೆ. ಆಮೇಲೆ ಗಾಢ ಕಂದು ಬಳಿದು, ಓಕರ್, ಕೊನೆಗೆ ಕೆನೆಬಣ್ಣದ ಡ್ರೈಬ್ರಶ್.

ರಥಕ್ಕೆ ಕೆಸರು: ಅಂಬರ್, ನುಣ್ಣನೆಯ ಜರಡಿ ಮಣ್ಣು, ಗ್ಲಾಸ್ ವಾರ್ನಿಶ್ ಸಮಪಾಲು. ಗಾಲಿಯ ಕೆಳಗಿನ ಮೂರನೇ ಒಂದು ಭಾಗ, ಕುದುರೆಯ ಗೊರಸು, ಗಾಲಿ ಹಾದ ಎರಡು ಗೆರೆಗಳಿಗೆ ಹಚ್ಚಿ. ಹೊಳಪು ಉಳಿಯಬೇಕಾದ್ದರಿಂದ ಮ್ಯಾಟ್ ವಾರ್ನಿಶ್ ಮುಗಿದ ನಂತರವೇ ಇದನ್ನು ಮಾಡಿ.

ಹುಲ್ಲನ್ನೂ ವಾರ್ನಿಶ್ ನಂತರವೇ ಹಾಕಿ, 2 ಮಿಮೀಗಿಂತ ಉದ್ದದ್ದು ಬೇಡ. ದಪ್ಪ ಫೆವಿಕಾಲ್ ಚುಕ್ಕೆ ಇಟ್ಟು, ಒಣ ಪ್ಲಾಸ್ಟಿಕ್ ಬಾಟಲಿಯಲ್ಲಿ ಹುಲ್ಲು ಕುಲುಕಿ ಉದುರಿಸಿ, ತಕ್ಷಣ ಬೇಸನ್ನು ತಲೆಕೆಳಗು ಮಾಡಿ ಅಡಿಯಿಂದ ತಟ್ಟಿ. ಎಳೆ ನಿಲ್ಲುವುದು ಸ್ಥಿರವಿದ್ಯುತ್ತಿನಿಂದ. ಮಳೆಗಾಲದ ತೇವದಲ್ಲಿ ಆ ವಿದ್ಯುತ್ತು ನಿಲ್ಲುವುದಿಲ್ಲ, ಹುಲ್ಲು ಮಲಗುತ್ತದೆ. ಆಗ ಸಿದ್ಧ ಹುಲ್ಲಿನ ಗುಚ್ಛ ಅಂಟಿಸುವುದೇ ಸುಲಭ.

ಹಳೆಯ ಬೊಂಬೆಗಳ ಮೇಲೆ ಬೂದುಬಿಳಿ ಪುಡಿ ಬರುತ್ತಿದೆ. ತೇವವೇ?
– ಆರ್., ಧಾರವಾಡ

ಸೀಸದ ಎರಕವಾದರೆ ಅದು ಸೀಸದ ಕಾರ್ಬೊನೇಟ್. ಮರ, ಅದರಲ್ಲೂ ಓಕ್, ಬಿಡುವ ಅಸಿಟಿಕ್ ಆಮ್ಲದ ಆವಿ ಮುಚ್ಚಿದ ಬೀರುವಿನಲ್ಲಿ ತುಂಬಿಕೊಂಡಾಗ ಇದು ಶುರುವಾಗುತ್ತದೆ, ತೇವ ಅದಕ್ಕೆ ನೆರವಾಗುತ್ತದೆ. ಪುಡಿ ವಿಷ, ಊದಬೇಡಿ, ಒಣಗಿದ್ದಾಗ ಉಜ್ಜಬೇಡಿ. ಕೈಗವಸು ಹಾಕಿಕೊಂಡು ನೀರಿನಲ್ಲಿ ಉಜ್ಜಿ ತೆಗೆದು, ಪೂರ್ತಿ ಒಣಗಿಸಿ, ಸಂದಿ ಬಿಡದೆ ಪ್ರೈಮರ್ ಹಚ್ಚಿ. ಮರದ ಬೀರುವಿನ ಬದಲು ಗಾಳಿಯಾಡುವ ಲೋಹದ ಅಥವಾ ಪ್ಲಾಸ್ಟಿಕ್ ಡಬ್ಬಿ ಬಳಸಿ. ಎಂ.ಡಿ.ಎಫ್. ಕೂಡ ಇಂಥ ಆವಿ ಬಿಡುತ್ತದೆ, ಆದ್ದರಿಂದ ಸೀಸದ ಬೊಂಬೆಗಳ ಬೇಸ್‌ಗೆ ಅಂಟಿಸುವ ಮೊದಲೇ ಎಲ್ಲ ಬದಿಗೂ ವಾರ್ನಿಶ್ ಬಳಿಯಿರಿ.