ಲಾರಿ ಬರೋ ಮುಂಚೆ ಕೋಳಿಗೆ ಪೌಡರ್ ಯಾಕೆ?

ಕೋಳಿ ಒಯ್ಯುವ ಲಾರಿ ಬರುವ ಮುಂಚೆ, ರಾತ್ರಿ ಟಾರ್ಚ್ ಹಿಡಿದು ಕೋಳಿ ನೀರಿಗೆ ಪೌಡರ್ ಕಲಸುತ್ತೀರಲ್ಲ, ಅದು ದಪ್ಪ ಆಗೋ ಔಷಧಿನಾ ಅಂತ ಕೇಳಿದ್ದಿರಿ. ಅಲ್ರಿ. ಅದು ವಿಟಮಿನ್ ಸಿ, ಜೊತೆಗೆ ಸ್ವಲ್ಪ ಲವಣ. ಬಿಸಿಲಿಗೆ ಬಿದ್ದವರಿಗೆ ನಾವು ಓಆರ್‌ಎಸ್ ಕೊಡಲ್ವಾ, ಹಾಗೆ.

ನಮ್ಮದು ರಾಯಚೂರಿನ ಕಡೆ. ಶಕ್ತಿನಗರದ ಹತ್ತಿರ ಕೃಷ್ಣಾ ಸೇತುವೆ ದಾಟಿದರೆ ತೆಲಂಗಾಣ. ಬೇಸಿಗೆಯಲ್ಲಿ 42 ಡಿಗ್ರಿ ಇಲ್ಲಿ ಸುದ್ದಿಯೇ ಅಲ್ಲ. ಕೋಳಿಯ ಮೈ ಮಾಮೂಲಿ ದಿನವೇ ಸುಮಾರು 41 ಡಿಗ್ರಿ ಇರುತ್ತದೆ, ಮೇಲೆ ಅದಕ್ಕೆ ಬೆವರು ಬರಲ್ಲ. ಬಾಯಿ ಬಿಟ್ಟು ತೇಕುವುದೇ ದಾರಿ. ರೆಕ್ಕೆ ಮೈಯಿಂದ ದೂರ ಹಿಡಿದು ನಿಂತವು ಅಂದರೆ ನಮ್ಮ ಎದೆ ಡವಡವ. ತೇಕಿ ತೇಕಿ ರಕ್ತದ ಹದ ಕೆಡುತ್ತದೆ, ಮೈಯ ಲವಣ ಹೊರಗೆ ಹೋಗುತ್ತದೆ.

ಕೋಳಿ ವಿಟಮಿನ್ ಸಿಯನ್ನು ತನ್ನ ಮೈಯಲ್ಲೇ ಮಾಡಿಕೊಳ್ಳುತ್ತದೆ. ಮನುಷ್ಯರಿಗೆ ಆ ಭಾಗ್ಯ ಇಲ್ಲ ನೋಡ್ರಿ. ಆದರೆ ಬಿಸಿಲು, ಭಯ ಎರಡೂ ಸೇರಿದಾಗ ಖರ್ಚು ಜಾಸ್ತಿ, ಮಾಡಿಕೊಂಡದ್ದು ಸಾಲಲ್ಲ. ಫೀಡಿನಲ್ಲಿ, ಅಂದರೆ ಕೋಳಿ ತಿನ್ನುವ ಆಹಾರದಲ್ಲಿ ಕೊಡುವುದಾದರೆ ಕೆಜಿ ಫೀಡಿಗೆ 200ರಿಂದ 250 ಮಿಲಿಗ್ರಾಂ ವಾಡಿಕೆ. ವಿಟಮಿನ್ ಇ ಕೂಡ ಒಳ್ಳೆಯದೇ. ಆದರೆ ವಿಟಮಿನ್ ಇಯನ್ನು ಬೇಸಿಗೆಯ ಬಿಸಿಲು ಏರುವ ಮುಂಚಿನಿಂದಲೇ ಕೊಡುತ್ತಾ ಬರಬೇಕು. ಲಾರಿ ಬಾಗಿಲಿಗೆ ಬಂದ ಮೇಲೆ ಕೊಟ್ಟು ಏನೂ ಉಪಯೋಗ ಇಲ್ಲ.

ಪೌಡರಿಗಿಂತ ನೀರು ದೊಡ್ಡದು ಅಂತ ನಾನು ಕಲಿತದ್ದು ಪೆಟ್ಟು ತಿಂದು. ಮೊದಲನೇ ವರ್ಷ ಬೆಳಿಗ್ಗೆ ಹತ್ತಕ್ಕೆ ಶೆಡ್ಡಿನ ಮೇಲಿನ ಕಪ್ಪು ಟ್ಯಾಂಕಿಗೆ ಪೌಡರ್ ಸುರಿದು ನಿಶ್ಚಿಂತೆಯಿಂದ ಮಲಗಿದ್ದೆ. ಮಧ್ಯಾಹ್ನ ನಲ್ಲಿ ಮುಟ್ಟಿದರೆ ಕೈ ಸುಟ್ಟಿತು. ಅಂಥ ನೀರನ್ನು ಕೋಳಿ ಮೂಸಿಯೂ ನೋಡಲ್ಲ. ವಿಟಮಿನ್ ಸಿ ಬಿಸಿ ನೀರಲ್ಲಿ, ಕ್ಲೋರಿನ್ ಹಾಕಿದ ನೀರಲ್ಲಿ ಬೇಗ ಹಾಳಾಗುತ್ತದೆ ಬೇರೆ. ಸಂಜೆ ಸತ್ತ ಕೋಳಿಗಳನ್ನು ಬುಟ್ಟಿಯಲ್ಲಿ ಹೊತ್ತು ಹಾಕಿದೆವು. ಈಗ ಟ್ಯಾಂಕಿಗೆ ಒದ್ದೆ ಗೋಣಿ ಸುತ್ತಿದ್ದೇನೆ, ಶೀಟಿನ ಮೇಲೆ ಭತ್ತದ ಹುಲ್ಲು ಹೊದಿಸಿದ್ದೇನೆ. ಸೋನಾ ಮಸೂರಿ ಸೀಮೆ ಅಲ್ವಾ, ಹುಲ್ಲಿಗೆ ಬರ ಇಲ್ಲ. ಪೌಡರ್ ಕಲಸುವುದು ನಸುಕಿನಲ್ಲಿ, ಎರಡು ಮೂರು ಗಂಟೆಯಲ್ಲಿ ಕುಡಿದು ಮುಗಿಸುವಷ್ಟೇ. ಫೀಡ್ ಮಧ್ಯಾಹ್ನ ಮೇಲಕ್ಕೆತ್ತಿಬಿಡುತ್ತೇವೆ. ತಿಂದದ್ದು ಅರಗುವಾಗಲೂ ಮೈ ಕಾಯುತ್ತದೆ.

ಲಿಫ್ಟಿಂಗ್, ಅಂದರೆ ಕೋಳಿ ಹಿಡಿದು ಲಾರಿಗೆ ತುಂಬುವ ದಿನದ ಕಥೆ ಬೇರೆ. ಲಾರಿ ಹೊರಡುವ ಕೆಲವು ಗಂಟೆ ಮುಂಚೆ ಫೀಡ್ ತೆಗೆಯಬೇಕು. ತೂಕ ಆಗುವ ಮುಂಚೆ ಫೀಡ್ ತೆಗೆಯಲು ಯಾವ ರೈತನಿಗೂ ಮನಸ್ಸಿಲ್ಲ, ನನಗೂ ಇಲ್ಲ. ಹೊಟ್ಟೆ ತುಂಬಿದ ಕೋಳಿ ದಾರಿಯಲ್ಲಿ ಜಾಸ್ತಿ ಒದ್ದಾಡುತ್ತದೆ ಅಂತ ಗೊತ್ತಿದ್ದೂ! ನೀರನ್ನು ಮಾತ್ರ ಹಿಡಿಯುವ ಗಳಿಗೆವರೆಗೂ ಬಿಟ್ಟಿರುತ್ತೇವೆ. ಅದಕ್ಕೇ ರಾತ್ರಿಯ ಆ ಪೌಡರ್. ಕೋಳಿ ಹಿಡಿಯುವ ಹುಡುಗರು ಸೇತುವೆ ಆಚೆಯ ತೆಲುಗಿನವರು. ಬಂದ ಕೂಡಲೇ "ನೀಳ್ಳು ತಾಗಾಯಾ?" (ನೀರು ಕುಡಿದವಾ?) ಅಂತ ಕೇಳುತ್ತಾರೆ, ನಾವು "ಕುಡಿದಾವಪ್ಪ" ಅನ್ನುತ್ತೇವೆ. ಬೇಸಿಗೆಯಲ್ಲಿ ಕ್ರೇಟಿಗೆ ಎರಡು ಕೋಳಿ ಕಡಿಮೆ.

ಲಾರಿ ಹೋಗುವುದು ಹೈದರಾಬಾದಿಗೆ, ಸುಮಾರು 200 ಕಿಲೋಮೀಟರ್. ಲಾರಿ ನಿಂತರೆ ಕ್ರೇಟಿನೊಳಗೆ ಗಾಳಿಯೂ ನಿಂತ ಹಾಗೆ. ದಾರಿಯಲ್ಲಿ ಸಿಗುವ ಮಕ್ತಲ್‌ನಲ್ಲಿ ಚಹಾಕ್ಕೆ ನಿಲ್ಲಿಸಬೇಡಪ್ಪಾ ಅಂತ ಡ್ರೈವರಿಗೆ ಪ್ರತಿ ಸಲ ಹೇಳುತ್ತೇನೆ. ಅವನು ಹೂಂ ಅನ್ನುತ್ತಾನೆ, ನಿಲ್ಲಿಸುತ್ತಾನೆ.