ಅಲಾಸ್ಕಾ ಹಡಗುಯಾನ: ಟಿಕೆಟ್ಟಿನೊಳಗೆ ಏನಿದೆ, ದಡದಲ್ಲಿ ಏನು ಮಾಡಬೇಕು?

ಮಕ್ಕಳ ಮನೆಗೆಂದು ಅಮೆರಿಕಕ್ಕೆ ಹೊರಟ ಹಿರಿಯರಿಂದ ಈ ಬಾರಿ ಹೆಚ್ಚು ಪತ್ರಗಳು ಬಂದಿವೆ. ಹೆಚ್ಚಿನವು ಅಲಾಸ್ಕಾದ ಕ್ರೂಸ್ ಕುರಿತಾಗಿರುವುದರಿಂದ ಈ ಸಂಚಿಕೆಯನ್ನು ಅದಕ್ಕೇ ಮೀಸಲಿಟ್ಟಿದ್ದೇನೆ.

ಪ್ರಶ್ನೆ: ಸಿಯಾಟಲ್‌ನಲ್ಲಿರುವ ನಮ್ಮ ಮಗ ಬರುವ ಬೇಸಿಗೆಯಲ್ಲಿ ನಮ್ಮಿಬ್ಬರನ್ನು ಏಳು ರಾತ್ರಿಗಳ ಅಲಾಸ್ಕಾ ಕ್ರೂಸ್‌ಗೆ ಕರೆದೊಯ್ಯುತ್ತೇನೆ ಎನ್ನುತ್ತಿದ್ದಾನೆ. ತಲೆಗೆ 800 ಡಾಲರ್, ಊಟ ವಸತಿ ಎಲ್ಲವೂ ಅದರಲ್ಲೇ ಎಂದು ಜಾಹೀರಾತಿನಲ್ಲಿದೆಯಂತೆ. ನಿಜಕ್ಕೂ ಅಷ್ಟರಲ್ಲೇ ಮುಗಿಯುತ್ತದೆಯೇ? ಅವನಿಗೆ ಹೊರೆಯಾಗಬಾರದೆಂಬುದು ನಮ್ಮ ಆಸೆ.
– ನಿವೃತ್ತ ಶಿಕ್ಷಕಿ, ಶಿವಮೊಗ್ಗ

ಉತ್ತರ: ಮುಗಿಯುವುದಿಲ್ಲ. ಆದರೆ ಎಲ್ಲಿ ಎಷ್ಟು ಸೇರುತ್ತದೆ ಎಂಬುದನ್ನು ಮೊದಲೇ ಲೆಕ್ಕ ಹಾಕಿಕೊಂಡರೆ ಹೊರೆಯ ಮಾತು ಬರುವುದಿಲ್ಲ. ಜಾಹೀರಾತಿನ ದರ ಸಾಮಾನ್ಯವಾಗಿ ಕಿಟಕಿಯಿಲ್ಲದ ಒಳಗಿನ ಕ್ಯಾಬಿನ್ನಿನದು ಮತ್ತು ಒಂದು ಕ್ಯಾಬಿನ್ನಿನಲ್ಲಿ ಇಬ್ಬರು ಇರುತ್ತಾರೆಂದು ಎಣಿಸಿ ಒಬ್ಬರಿಗೆ ಹೇಳಿದ್ದು. ಒಬ್ಬರೇ ಹೋದರೆ ಹಲವು ಸಲ ಇಬ್ಬರ ದುಡ್ಡನ್ನೇ ಕೊಡಬೇಕಾಗುತ್ತದೆ. ನಿಮ್ಮಿಬ್ಬರಿಗೆ 1,600 ಡಾಲರ್ ಎಂದಿಟ್ಟುಕೊಳ್ಳೋಣ. ಇದಕ್ಕೆ ಸರ್ಕಾರದ ತೆರಿಗೆ ಮತ್ತು ಬಂದರು ಶುಲ್ಕ ಸೇರುತ್ತವೆ. ಏಳು ರಾತ್ರಿಗಳ ಅಲಾಸ್ಕಾ ಯಾನಕ್ಕೆ ಇದು ಒಬ್ಬರಿಗೆ ಸುಮಾರು 300 ಡಾಲರ್‌ವರೆಗೆ ಆಗುವುದುಂಟು. ಅಮೆರಿಕದಲ್ಲಿ ಈಚೆಗೆ ದೊಡ್ಡ ಕಂಪನಿಗಳು ಇದನ್ನು ಸೇರಿಸಿಯೇ ದರ ತೋರಿಸುತ್ತಿವೆ. ಮಗ ನೋಡಿದ ದರದಲ್ಲಿ ಅದು ಸೇರಿದೆಯೇ ಎಂದು ಮೊದಲು ಕೇಳಿ. ಸೇರಿರದಿದ್ದರೆ ಇಬ್ಬರಿಗೆ 600 ಡಾಲರ್ ಕೂಡಿಸಿ.

ಮುಂದಿನದು ಟಿಪ್ಸ್. ಕ್ಯಾಬಿನ್ ಚೊಕ್ಕಟ ಮಾಡುವವರಿಗೆ, ಊಟ ಬಡಿಸುವವರಿಗೆ ಎಂದು ದೊಡ್ಡ ಹಡಗುಗಳು ತಲೆಗೆ ದಿನಕ್ಕೆ ಸುಮಾರು 16ರಿಂದ 20 ಡಾಲರ್‌ನಂತೆ ತಾವಾಗಿಯೇ ಬಿಲ್ಲಿಗೆ ಸೇರಿಸುತ್ತವೆ. ಏಳು ದಿನಕ್ಕೆ ಇಬ್ಬರಿಂದ ಸುಮಾರು 250 ಡಾಲರ್. ಇದನ್ನು ತೆಗೆಸಿಹಾಕಬಹುದು ಎಂದು ಕೆಲವರು ಸಲಹೆ ಕೊಡುತ್ತಾರೆ. ದಯವಿಟ್ಟು ಹಾಗೆ ಮಾಡಬೇಡಿ. ತಿಂಗಳುಗಟ್ಟಲೆ ಮನೆ ಬಿಟ್ಟು ದುಡಿಯುವವರ ಸಂಪಾದನೆಯಲ್ಲಿ ಅದು ದೊಡ್ಡ ಪಾಲು. ಇಂಟರ್ನೆಟ್ ಬೇಕೆಂದರೆ ದಿನಕ್ಕೆ 20 ಡಾಲರ್‌ಗಿಂತ ಹೆಚ್ಚು. ದಡದ ಪ್ರವಾಸಗಳಲ್ಲಿ ಒಬ್ಬೊಬ್ಬರಿಗೆ ಎರಡನ್ನು ಆರಿಸಿಕೊಂಡರೂ ಇಬ್ಬರಿಗೆ 600 ಡಾಲರ್ ಹಿಡಿಯಬೇಕು. ಎಲ್ಲ ಕೂಡಿಸಿದರೆ ಮೊತ್ತ 3,200 ಡಾಲರ್ ಮುಟ್ಟುತ್ತದೆ, ಅಂದರೆ ಜಾಹೀರಾತಿನಲ್ಲಿ ಕಂಡದ್ದರ ಎರಡರಷ್ಟು. ಮಗನೊಂದಿಗೆ ಮಾತನಾಡುವಾಗ ಈ ಮೊತ್ತವನ್ನು ಇಟ್ಟುಕೊಂಡು ಮಾತನಾಡಿ, 800ನ್ನು ಮರೆತುಬಿಡಿ.

ಟಿಕೆಟ್ಟಿನಲ್ಲಿ ಕ್ಯಾಬಿನ್, ಮುಖ್ಯ ಊಟದ ಸಭಾಂಗಣ ಮತ್ತು ಬಫೆಯ ಊಟ ತಿಂಡಿ, ನೀರು, ಚಹಾ, ಬಫೆಯ ಕಾಫಿ, ಸಂಜೆಯ ಮನರಂಜನೆ, ಈಜುಕೊಳ ಇಷ್ಟು ಸೇರಿರುತ್ತವೆ. ಮದ್ಯ, ತಂಪು ಪಾನೀಯ, ವಿಶೇಷ ರೆಸ್ಟೋರೆಂಟುಗಳು, ಅಲ್ಲಿನವರು ತೆಗೆಯುವ ಫೋಟೊ, ಬಟ್ಟೆ ಒಗೆಸುವುದು, ವೈದ್ಯರು ಇವೆಲ್ಲಕ್ಕೂ ಬೇರೆ ದುಡ್ಡು. ಹಡಗಿನಲ್ಲಿ ಯಾರೂ ಕೈಯಲ್ಲಿ ನಗದು ಹಿಡಿಯುವುದಿಲ್ಲ. ಕ್ಯಾಬಿನ್ನಿನ ಕಾರ್ಡು ತೋರಿಸಿದರೆ ಸಾಕು, ಲೆಕ್ಕವೆಲ್ಲ ಕೊನೆಯ ದಿನ ಒಟ್ಟಿಗೆ ಬರುತ್ತದೆ. ನಮ್ಮ ಮೊದಲ ಯಾನದಲ್ಲಿ ಅತ್ತೆಯವರು ಪ್ರತಿದಿನ ಮಧ್ಯಾಹ್ನ ಐದನೆಯ ಡೆಕ್ಕಿನ ಕೆಫೆಗೆ ಹೋಗಿ ಕಿಟಕಿಯ ಪಕ್ಕ ಕೂತು ಒಂದು ಕಪ್ಪುಚಿನೊ ಕುಡಿದು ಬರುತ್ತಿದ್ದರು. ಬಫೆಯ ಕಾಫಿಗೆ ದುಡ್ಡಿಲ್ಲದ ಮೇಲೆ ಇದಕ್ಕೂ ಇರಲಾರದು ಎಂದು ಅವರು ನಂಬಿದ್ದರು. ಬಿಲ್ಲು ಬಂದಾಗ ಏಳು ಕಾಫಿಗಳು ಒಂದರ ಕೆಳಗೊಂದು ಸಾಲಾಗಿದ್ದವು, ಪ್ರತಿಯೊಂದರ ಕೆಳಗೂ ಶೇ 18ರ ಸೇವಾ ಶುಲ್ಕ. ಮೊತ್ತ ದೊಡ್ಡದೇನಲ್ಲ. ಆದರೆ ಅವರು ಆ ಕಾಗದವನ್ನು ಮಡಿಚಿ ಇಟ್ಟು, ಮೊದಲೇ ಹೇಳಿದ್ದರೆ ಕುಡಿಯುತ್ತಿರಲಿಲ್ಲ ಎಂದು ಮೂರು ಸಲ ಹೇಳಿದರು. ಹಿರಿಯರನ್ನು ಕರೆದೊಯ್ಯುವ ಮಕ್ಕಳು ಯಾವುದಕ್ಕೆ ದುಡ್ಡು, ಯಾವುದಕ್ಕೆ ಇಲ್ಲ ಎಂಬುದನ್ನು ಮೊದಲ ದಿನವೇ ಬಿಡಿಸಿ ಹೇಳಬೇಕು. ಬೇಕಾದುದನ್ನು ಸಂಕೋಚವಿಲ್ಲದೆ ಕುಡಿಯಿರಿ ಎಂದೂ ಹೇಳಬೇಕು.

ತಿಂಗಳಿನ ಆಯ್ಕೆ ದರವನ್ನು ಬಹಳ ಬದಲಿಸುತ್ತದೆ. ಅಲಾಸ್ಕಾದ ಕ್ರೂಸ್ ಋತು ಏಪ್ರಿಲ್ ಕೊನೆಯಿಂದ ಅಕ್ಟೋಬರ್‌ವರೆಗೆ. ಶಾಲೆಗಳಿಗೆ ರಜೆಯಿರುವ ಜುಲೈ ದುಬಾರಿ, ಮೇ ಮತ್ತು ಸೆಪ್ಟೆಂಬರ್ ಅಗ್ಗ. ಇವೆರಡರಲ್ಲಿ ನಾನು ಮೇ ತಿಂಗಳನ್ನೇ ಹೇಳುತ್ತೇನೆ, ಏಕೆಂದರೆ ಆಗ ಮಳೆ ಕಡಿಮೆ, ಬೆಟ್ಟಗಳ ಮೇಲೆ ಹಿಮವೂ ಇನ್ನೂ ಉಳಿದಿರುತ್ತದೆ. ಜುಲೈನಲ್ಲಿ ಒಳಗಿನ ಕ್ಯಾಬಿನ್ನಿಗೆ ಕೊಡುವ ದುಡ್ಡಿಗೆ ಒಂದಿಷ್ಟು ಸೇರಿಸಿದರೆ ಮೇ ತಿಂಗಳಲ್ಲಿ ಬಾಲ್ಕನಿ ಸಿಗುವ ಸಾಧ್ಯತೆ ಇದೆ. ತಣ್ಣನೆ ಗಾಳಿಯಲ್ಲಿ ಮೇಲಿನ ಡೆಕ್ಕಿನಲ್ಲಿ ಬಹಳ ಹೊತ್ತು ನಿಲ್ಲಲಾರದ ಹಿರಿಯರಿಗೆ ಅಲಾಸ್ಕಾದಲ್ಲಿ ಬಾಲ್ಕನಿ ದುಂದುವೆಚ್ಚವಲ್ಲ.

ಕೊನೆಯದಾಗಿ, ಹಡಗಿನ ವೈದ್ಯರ ಶುಲ್ಕ ಬಹಳ ಹೆಚ್ಚು, ಗಂಭೀರ ಸ್ಥಿತಿಯಲ್ಲಿ ರೋಗಿಯನ್ನು ದಡಕ್ಕೆ ಸಾಗಿಸುವ ಖರ್ಚು ಇನ್ನೂ ಹೆಚ್ಚು. ಅಮೆರಿಕ ಪ್ರವಾಸಕ್ಕೆ ಮಗ ಮಾಡಿಸಿರುವ ವಿಮೆ ಸಮುದ್ರದ ಮೇಲೂ ಕೆನಡಾದಲ್ಲೂ ನಡೆಯುತ್ತದೆಯೇ, ಮೊದಲೇ ಇರುವ ಬಿಪಿ, ಸಕ್ಕರೆ ಕಾಯಿಲೆಗಳಿಗೆ ಏನು ಹೇಳುತ್ತದೆ ಎಂದು ಓದಿಸಿ. ನಿತ್ಯದ ಮಾತ್ರೆಗಳು ಕೈಚೀಲದಲ್ಲೇ ಇರಲಿ, ಏಕೆಂದರೆ ಬಂದರಿನಲ್ಲಿ ಒಪ್ಪಿಸಿದ ಪೆಟ್ಟಿಗೆ ಕ್ಯಾಬಿನ್ನಿಗೆ ಬರುವುದು ಕೆಲವು ಗಂಟೆಗಳ ಮೇಲೆ.

ಪ್ರಶ್ನೆ: ಅಲಾಸ್ಕಾ ಅಮೆರಿಕದ್ದೇ ರಾಜ್ಯ. ಹಾಗಿದ್ದರೂ ಕೆನಡಾದ ವೀಸಾ ಬೇಕೆಂದು ಅಳಿಯ ಹೇಳುತ್ತಿದ್ದಾರೆ. ಹೌದೇ?
– ಓದುಗರೊಬ್ಬರು, ಮೈಸೂರು

ಉತ್ತರ: ಹೌದು. ಇದರ ಹಿಂದೆ 1886ರ ಒಂದು ಅಮೆರಿಕನ್ ಕಾನೂನಿದೆ. ಬೇರೆ ದೇಶದಲ್ಲಿ ನೋಂದಣಿಯಾದ ಹಡಗು ನಡುವೆ ಯಾವ ವಿದೇಶಿ ಬಂದರನ್ನೂ ಮುಟ್ಟದೆ ಅಮೆರಿಕದ ಬಂದರುಗಳ ನಡುವೆಯೇ ಪ್ರಯಾಣಿಕರನ್ನು ಸಾಗಿಸುವಂತಿಲ್ಲ. ದೊಡ್ಡ ಕ್ರೂಸ್ ಹಡಗುಗಳಲ್ಲಿ ಹೆಚ್ಚಿನವು ಬಹಾಮಾಸ್, ಪನಾಮಾದಂಥ ದೇಶಗಳಲ್ಲಿ ನೋಂದಣಿಯಾಗಿರುವುದರಿಂದ, ಸಿಯಾಟಲ್‌ನಿಂದ ಹೊರಟವು ಮರಳುವಾಗ ಕೆನಡಾದ ವಿಕ್ಟೋರಿಯಾದಲ್ಲಿ, ಹಲವು ಸಲ ಸಂಜೆಯ ಕೆಲವೇ ಗಂಟೆಗಳ ಮಟ್ಟಿಗೆ, ನಿಂತು ಬರುತ್ತವೆ. ಆ ಕೆಲವು ಗಂಟೆಗಳಿಗಾಗಿಯೇ ಭಾರತೀಯ ಪಾಸ್‌ಪೋರ್ಟಿನವರು ಕೆನಡಾದ ವೀಸಾ ಪಡೆದಿರಬೇಕು. ಅಮೆರಿಕಕ್ಕೆ ಮರಳಿ ಬರಲು ಅಲ್ಲಿನ ವೀಸಾ ಬಹುಪ್ರವೇಶದ್ದಾಗಿ ಚಾಲ್ತಿಯಲ್ಲಿರಬೇಕು. ಕಾಗದಪತ್ರ ಸರಿಯಿಲ್ಲದಿದ್ದರೆ ಸಿಯಾಟಲ್‌ನಲ್ಲೇ ಹಡಗು ಹತ್ತಿಸಿಕೊಳ್ಳುವುದಿಲ್ಲ, ಟಿಕೆಟ್ಟಿನ ದುಡ್ಡನ್ನೂ ಕೊಡುವುದಿಲ್ಲ. ಅಳಿಯ ಎಚ್-1ಬಿ ವೀಸಾದಲ್ಲಿದ್ದು ಪಾಸ್‌ಪೋರ್ಟಿನ ಮುದ್ರೆಯ ಅವಧಿ ಮುಗಿದಿದ್ದರೆ, ಟಿಕೆಟ್ ಕೊಳ್ಳುವ ಮೊದಲು ಅವರ ಕಚೇರಿಯ ವಲಸೆ ವಕೀಲರನ್ನು ಕೇಳಲಿ.

ಪ್ರಶ್ನೆ: ಪಣಂಬೂರಿನ ನವಮಂಗಳೂರು ಬಂದರಿಗೆ ಬರುವ ವಿದೇಶಿ ಹಡಗುಗಳ ಪ್ರವಾಸಿಗರು ಬಸ್ಸುಗಳಲ್ಲಿ ಊರು ನೋಡಲು ಹೋಗುವುದನ್ನು ವರ್ಷ ವರ್ಷವೂ ಕಾಣುತ್ತೇನೆ. ಈಗ ನಾವೇ ಮಗಳೊಂದಿಗೆ ಅಲಾಸ್ಕಾಕ್ಕೆ ಹೊರಟಿದ್ದೇವೆ. ಬಂದರುಗಳಲ್ಲಿ ಹಡಗಿನವರ ಪ್ರವಾಸವನ್ನೇ ತೆಗೆದುಕೊಳ್ಳಬೇಕೇ, ನಾವೇ ಸುತ್ತಬಹುದೇ? ಪತ್ನಿಗೆ ಮಂಡಿನೋವು.
– ಓದುಗರೊಬ್ಬರು, ಸುರತ್ಕಲ್

ಉತ್ತರ: ಪಣಂಬೂರಿನ ಬಸ್ಸುಗಳನ್ನು ನೋಡಿದ ನಿಮಗೆ ವಿಷಯದ ತಿರುಳು ಬೇಗ ತಿಳಿಯುತ್ತದೆ. ಆ ಪ್ರವಾಸಿಗರನ್ನು ಮೂಡುಬಿದಿರೆಯ ಸಾವಿರ ಕಂಬದ ಬಸದಿಗೆ, ಕಾರ್ಕಳದ ಗೊಮ್ಮಟನಲ್ಲಿಗೆ, ಕುದ್ರೋಳಿ ದೇವಸ್ಥಾನಕ್ಕೆ, ಸಂತ ಅಲೋಶಿಯಸ್ ಚಾಪೆಲ್‌ಗೆ, ಗೇರುಬೀಜದ ಕಾರ್ಖಾನೆಗೆ ಕರೆದೊಯ್ಯುತ್ತಾರೆ. ಹಡಗು ನಿಲ್ಲುವುದು ಒಂದು ಹಗಲು. ಅದರಲ್ಲಿ ಇಳಿಯುವ ಹೊತ್ತು, ಬಸ್ಸು ತುಂಬುವ ಹೊತ್ತು, ಹೋಗಿಬರುವ ಹೊತ್ತು ಕಳೆದರೆ, 1432ರಲ್ಲಿ ನಿಂತ ಗೊಮ್ಮಟನ ಮುಂದೆ ನಿಲ್ಲಲು ಅರ್ಧ ಗಂಟೆ ಉಳಿದೀತು. ಮಂಗಳೂರಿನಲ್ಲೇ ಉಳಿದವರು ಮಾರುಕಟ್ಟೆಯಲ್ಲಿ ಮಲ್ಲಿಗೆಯ ಚೆಂಡನ್ನು ಕೈಯಲ್ಲಿ ಹಿಡಿದು ನೋಡುವಷ್ಟು ಬಿಡುವು ಪಡೆಯುತ್ತಾರೆ. ಎಲ್ಲ ಬಂದರುಗಳಲ್ಲೂ ಲೆಕ್ಕ ಇದೇ. ಪ್ರವಾಸದ ಪಟ್ಟಿಯಲ್ಲಿ ಎಷ್ಟು ಜಾಗಗಳ ಹೆಸರಿದೆ ಎಂದು ನೋಡಬೇಡಿ, ಒಂದೊಂದು ಜಾಗದಲ್ಲಿ ಎಷ್ಟು ಹೊತ್ತು ಬಿಡುತ್ತಾರೆ ಎಂದು ಕೇಳಿ.

ಹಡಗಿನವರ ಪ್ರವಾಸಕ್ಕೂ ಹೊರಗಿನವರ ಪ್ರವಾಸಕ್ಕೂ ಇರುವ ದೊಡ್ಡ ವ್ಯತ್ಯಾಸ ಒಂದೇ. ಹಡಗಿನ ಮೂಲಕ ಕೊಂಡ ಪ್ರವಾಸದ ಬಸ್ಸು ತಡವಾದರೆ ಹಡಗು ಕಾಯುತ್ತದೆ. ಕಾಯಲಾಗದಿದ್ದರೆ ಮುಂದಿನ ಬಂದರಿಗೆ ತಲುಪಿಸುವ ಹೊಣೆ ಅವರದು. ನೀವೇ ಏರ್ಪಾಡು ಮಾಡಿಕೊಂಡು ತಡವಾದರೆ ಹಡಗು ಹೊರಟುಹೋಗುತ್ತದೆ, ಮುಂದಿನ ಬಂದರಿಗೆ ವಿಮಾನದ ಖರ್ಚು ನಿಮ್ಮದೇ. ಈ ಭರವಸೆಗಾಗಿಯೇ ಹಡಗಿನ ಪ್ರವಾಸಕ್ಕೆ ಬೆಲೆ ಹೆಚ್ಚು. ಹಾಗಾಗಿ ಊರಿನಿಂದ ದೂರ ಹೋಗುವುದಾದರೆ, ದೋಣಿ ಅಥವಾ ವಿಮಾನ ಹತ್ತುವುದಾದರೆ ಹಡಗಿನವರದ್ದು, ನಡೆದು ನೋಡುವ ಊರಾದರೆ ನಮ್ಮದೇ ಎಂಬುದು ನಾನು ಪಾಲಿಸುವ ಕ್ರಮ.

ಸಿಯಾಟಲ್ ಯಾನದ ಮೂರು ಮುಖ್ಯ ಬಂದರುಗಳನ್ನು ಹೀಗೆ ನೋಡೋಣ. ಕೆಚಿಕಾನ್‌ನಲ್ಲಿ ಹಡಗು ಪೇಟೆಯ ಬುಡದಲ್ಲೇ ನಿಲ್ಲುತ್ತದೆ. ತೊರೆಯ ಮೇಲೆ ಮರದ ಕಂಬಗಳನ್ನು ನೆಟ್ಟು ಕಟ್ಟಿದ ಕ್ರೀಕ್ ಸ್ಟ್ರೀಟ್‌ಗೆ ಮೆಲ್ಲಗೆ ನಡೆದು ಹೋಗಬಹುದು. ಬೇಸಿಗೆಯ ಕೊನೆಯಲ್ಲಾದರೆ ಕೆಳಗಿನ ನೀರಿನಲ್ಲಿ ಸಾಲ್ಮನ್ ಮೀನುಗಳು ಪ್ರವಾಹದ ವಿರುದ್ಧ ಈಜುವುದು ಕಾಣುತ್ತದೆ. ಇದಕ್ಕೆ ಕಾಸು ಖರ್ಚಿಲ್ಲ, ಕೊಡೆ ಮಾತ್ರ ಬೇಕು, ಏಕೆಂದರೆ ಅಲ್ಲಿ ವರ್ಷಕ್ಕೆ ಸುಮಾರು 150 ಅಂಗುಲ ಮಳೆ, ನಮ್ಮ ಆಗುಂಬೆಯ ಅರ್ಧದಷ್ಟು.

ಜೂನೋದಲ್ಲಿ ಎರಡು ಆಕರ್ಷಣೆಗಳಿವೆ. ಮೆಂಡನ್‌ಹಾಲ್ ಹಿಮನದಿ ಪೇಟೆಯಿಂದ ಸುಮಾರು 20 ಕಿ.ಮೀ. ದೂರ. ಹಡಗುಕಟ್ಟೆಯ ಬಳಿಯಿಂದಲೇ ಬಸ್ಸುಗಳಿವೆ, ಅದನ್ನು ನೋಡುವ ಜಾಗಕ್ಕೆ ಸಮತಟ್ಟಾದ ದಾರಿಯೂ ಇದೆ. ಹಿಮನದಿ ವರ್ಷದಿಂದ ವರ್ಷಕ್ಕೆ ಹಿಂದೆ ಸರಿಯುತ್ತಿದೆ. 1962ರಲ್ಲಿ ಕಟ್ಟಿದ ಸಂದರ್ಶಕರ ಕೇಂದ್ರದ ಕಿಟಕಿಯಿಂದ ಅಂದು ಕಾಣುತ್ತಿದ್ದಷ್ಟು ಹತ್ತಿರದಲ್ಲಿ ಅದು ಇಂದು ಕಾಣುವುದಿಲ್ಲ. ನೋಡುವ ಅವಕಾಶ ಇರುವವರು ಮುಂದೂಡಬೇಡಿ ಎಂದು ಮನಸ್ಸಿನಿಂದ ಹೇಳುತ್ತೇನೆ. ಇನ್ನೊಂದು ತಿಮಿಂಗಿಲ ನೋಡುವ ದೋಣಿಯಾನ. ಚಳಿಗಾಲವನ್ನು ಹವಾಯಿಯ ಬೆಚ್ಚನೆ ನೀರಿನಲ್ಲಿ ಕಳೆದ ಹಂಪ್‌ಬ್ಯಾಕ್ ತಿಮಿಂಗಿಲಗಳು ಹೊಟ್ಟೆ ತುಂಬಿಸಿಕೊಳ್ಳಲು ಬೇಸಿಗೆಯಲ್ಲಿ ಇಲ್ಲಿಗೆ ಬರುತ್ತವೆ. ಖರ್ಚು ಸ್ವಲ್ಪ ಹೆಚ್ಚಾದರೂ ಇದನ್ನು ಹಡಗಿನ ಮೂಲಕವೇ ತೆಗೆದುಕೊಳ್ಳಿ.

ಮಂಡಿನೋವಿರುವ ನಿಮ್ಮ ಪತ್ನಿಗೆ ನನ್ನ ಮೊದಲ ಆಯ್ಕೆ ಸ್ಕ್ಯಾಗ್‌ವೇಯ ರೈಲು. ಚಿನ್ನದ ಬೇಟೆಗೆ ಜನ ಮುಗಿಬಿದ್ದ ಕಾಲದಲ್ಲಿ, 1898ರಿಂದ 1900ರ ನಡುವೆ ಹಾಕಿದ ಮೂರಡಿ ಅಗಲದ ಹಳಿಯ ಮೇಲೆ ವೈಟ್ ಪಾಸ್ ರೈಲು ಸಮುದ್ರಮಟ್ಟದಿಂದ ಹೊರಟು ಸುಮಾರು 20 ಮೈಲಿಗಳಲ್ಲಿ 2,900 ಅಡಿಗಳಷ್ಟು ಏರುತ್ತದೆ. ಹೋಗಿಬರಲು ಮೂರು ಗಂಟೆಗೂ ಸ್ವಲ್ಪ ಕಡಿಮೆ, ಎಲ್ಲವೂ ಕೂತಲ್ಲೇ. ಪ್ರಪಾತ ಒಂದೇ ಪಕ್ಕದಲ್ಲಿದೆಯಲ್ಲ, ಬಂಡೆಯ ಕಡೆ ಕೂತವರ ಗತಿಯೇನು ಎಂದು ನಮ್ಮ ತಾಯಿ ದಾರಿಯುದ್ದಕ್ಕೂ ಚಿಂತಿಸುತ್ತಿದ್ದರು. ಘಟ್ಟದ ತುದಿ ತಲುಪಿದ ಮೇಲೆ ಎಂಜಿನ್ ಇನ್ನೊಂದು ತುದಿಗೆ ಬಂತು. ಸಿಬ್ಬಂದಿ ಹೇಳಿದಂತೆ ಎಲ್ಲರೂ ಎದ್ದು ಸೀಟಿನ ಬೆನ್ನನ್ನು ಆಚೆಗೆ ಮಗುಚಿ, ಪಕ್ಕದ ಸಾಲಿನವರೊಂದಿಗೆ ಜಾಗ ಬದಲಿಸಿಕೊಂಡರು. ಇಳಿಯುವಾಗ ಪ್ರಪಾತ ಅವರದ್ದು, ಬಂಡೆ ನಮ್ಮದು. ತಾಯಿಗೆ ಹಿಮಕ್ಕಿಂತ ಹೆಚ್ಚಾಗಿ ಈ ಏರ್ಪಾಡು ಮೆಚ್ಚುಗೆಯಾಯಿತು. ಟಿಕೆಟ್ ಕೊಳ್ಳುವಾಗ ಮಂಡಿನೋವಿನ ವಿಷಯ ತಿಳಿಸಿದರೆ ಹತ್ತಲು ನೆರವು ಕೊಡುತ್ತಾರೆ.

ಸಮಯದ ವಿಷಯದಲ್ಲಿ ಒಂದು ಎಚ್ಚರಿಕೆ. ಅಲಾಸ್ಕಾದ ಗಡಿಯಾರ ಸಿಯಾಟಲ್‌ಗಿಂತ ಒಂದು ಗಂಟೆ ಹಿಂದೆ. ಫೋನು ದಡದ ಸಮಯವನ್ನು ತಾನಾಗಿ ಹಿಡಿದುಕೊಳ್ಳುತ್ತದೆ, ಆದರೆ ನೀವು ಪಾಲಿಸಬೇಕಾದದ್ದು ಹಡಗಿನ ಸಮಯ. ಇಳಿಯುವ ಮುನ್ನ ಬಾಗಿಲ ಬಳಿಯ ಫಲಕದಲ್ಲಿ ಬರೆದಿರುವ ಮರಳುವ ಗಡುವನ್ನು ನೋಡಿಕೊಂಡು, ಕೈಗಡಿಯಾರವನ್ನು ಹಡಗಿನದಕ್ಕೆ ಹೊಂದಿಸಿಕೊಳ್ಳಿ. ಆ ಗಡುವು ಹಡಗು ಹೊರಡುವುದಕ್ಕೆ ಅರ್ಧ ಗಂಟೆಯೋ ಒಂದು ಗಂಟೆಯೋ ಮೊದಲೇ ಇರುತ್ತದೆ.

ಹಿಮನದಿಗಳಿರುವ ಕೊಲ್ಲಿ ಗ್ಲೇಸಿಯರ್ ಬೇ ನಿಮ್ಮ ಯಾನದಲ್ಲಿದ್ದರೆ ಆ ದಿನ ದಡಕ್ಕೆ ಇಳಿಯುವಂತಿಲ್ಲ, ಪ್ರವಾಸದ ಖರ್ಚೂ ಇಲ್ಲ. ದಿನಕ್ಕೆ ಎರಡೇ ಕ್ರೂಸ್ ಹಡಗುಗಳಿಗೆ ಅಲ್ಲಿ ಪ್ರವೇಶ. ರಾಷ್ಟ್ರೀಯ ಉದ್ಯಾನದ ರೇಂಜರುಗಳೇ ಹಡಗು ಹತ್ತಿ ವಿವರಿಸುತ್ತಾರೆ. ಎಲ್ಲ ಹಡಗುಗಳಿಗೂ ಅಲ್ಲಿ ಅನುಮತಿ ಇಲ್ಲದ್ದರಿಂದ ಟಿಕೆಟ್ ಆರಿಸುವಾಗಲೇ ಇದನ್ನು ನೋಡಬೇಕು. ಎರಡು ಹಡಗುಗಳ ದರ ಹತ್ತಿರ ಹತ್ತಿರವಿದ್ದರೆ ಗ್ಲೇಸಿಯರ್ ಬೇಗೆ ಹೋಗುವುದನ್ನೇ ಆರಿಸಿ.

ಪ್ರಶ್ನೆ: ನಾವು ಶುದ್ಧ ಸಸ್ಯಾಹಾರಿಗಳು, ಬಸ್ಸಿನಲ್ಲೂ ವಾಂತಿಯಾಗುವ ಪೈಕಿ. ಏಳು ದಿನ ಕಳೆಯಬಹುದೇ?
– ಗೃಹಿಣಿ, ಧಾರವಾಡ

ಉತ್ತರ: ಕಳೆಯಬಹುದು. ಟಿಕೆಟ್ ಮಾಡಿಸುವಾಗಲೇ ಸಸ್ಯಾಹಾರವೆಂದು ಬರೆಸಿ, ಮೊದಲ ರಾತ್ರಿ ಊಟದ ಸಭಾಂಗಣದ ಮುಖ್ಯಸ್ಥರಿಗೆ ಮತ್ತೊಮ್ಮೆ ಹೇಳಿ. ಮೊಟ್ಟೆ, ಬೆಳ್ಳುಳ್ಳಿ ಬೇಡವೆಂದರೆ ಅದನ್ನೂ ಹೇಳಿ. ದೊಡ್ಡ ಹಡಗುಗಳಲ್ಲಿ ಕೇಳಿದರೆ ಅನ್ನ, ದಾಲ್, ಪಲ್ಯ ಮಾಡಿಕೊಡುತ್ತಾರೆ. ಸಿಬ್ಬಂದಿಯಲ್ಲಿ ಗೋವಾ, ಮಂಗಳೂರು ಕಡೆಯವರು ಬಹಳ ಮಂದಿ ಇರುವುದರಿಂದ ನಿಮ್ಮ ಮಾತು ಅರ್ಥವಾಗುವವರು ಸಿಗುವ ಸಾಧ್ಯತೆಯೂ ಇದೆ. ಸಿಯಾಟಲ್‌ನಿಂದ ಹೊರಟ ಹಡಗುಗಳು ಹೆಚ್ಚಾಗಿ ವ್ಯಾಂಕೂವರ್ ದ್ವೀಪದ ಹೊರಗಿನ ತೆರೆದ ಸಮುದ್ರದಲ್ಲಿ ಸಾಗುತ್ತವೆ, ಆ ಮೊದಲ ದಿನ ತುಸು ಅಲುಗಾಟ ಇದ್ದೀತು. ಕೆನಡಾದ ವ್ಯಾಂಕೂವರ್ ನಗರದಿಂದ ಹೊರಡುವ ಯಾನ ದ್ವೀಪಗಳ ಮರೆಯಲ್ಲಿ ಸಾಗುವುದರಿಂದ ನಿಮಗೆ ಅದೇ ವಾಸಿ. ಕ್ಯಾಬಿನ್ನನ್ನು ಹಡಗಿನ ನಡುಭಾಗದಲ್ಲಿ, ಕೆಳಗಿನ ಡೆಕ್ಕಿನಲ್ಲಿ ಕೇಳಿ ಪಡೆಯಿರಿ, ವಾಂತಿಯ ಮಾತ್ರೆಯನ್ನು ನಿಮ್ಮ ವೈದ್ಯರಿಂದ ಬರೆಸಿಕೊಂಡು ಹೋಗಿ. ಕಂಪನಿಯ ಮೊಹರಿರುವ ಚಟ್ನಿಪುಡಿ, ಖಾಕ್ರಾ ಪ್ಯಾಕೆಟ್ಟುಗಳನ್ನು ಒಯ್ಯಬಹುದು. ಮನೆಯಲ್ಲಿ ಮಾಡಿದ ಅಡುಗೆಯನ್ನೂ ವಿದ್ಯುತ್ ಕೆಟಲ್, ರೈಸ್ ಕುಕ್ಕರ್‌ಗಳನ್ನೂ ಹಡಗಿನೊಳಗೆ ಬಿಡುವುದಿಲ್ಲ, ಬೆಂಕಿಯ ಭಯದಿಂದ ಇಸ್ತ್ರಿಪೆಟ್ಟಿಗೆಯನ್ನೂ ತೆಗೆದಿಟ್ಟುಕೊಳ್ಳುತ್ತಾರೆ. ಬಫೆಯಲ್ಲಿ ಸಿಕ್ಕ ಬಾಳೆಹಣ್ಣು, ಸೇಬನ್ನು ಹಡಗಿನಲ್ಲೇ ತಿಂದು ಮುಗಿಸಿ, ದಡಕ್ಕೆ ಒಯ್ಯಬೇಡಿ.