ಕಲ್ಪನಾ ಚಾವ್ಲಾ ಪ್ರಾಜೆಕ್ಟ್: ಜೀವನಚರಿತ್ರೆ ಸಾಕು, ಆ ಹದಿನಾರು ದಿನಗಳನ್ನು ಬರೆಸಿ

ಫೆಬ್ರವರಿ 1 ಕಲ್ಪನಾ ಚಾವ್ಲಾ ಇದ್ದ ಕೊಲಂಬಿಯಾ ಬಾಹ್ಯಾಕಾಶ ನೌಕೆ ಚೂರಾದ ದಿನ, 28 ರಾಷ್ಟ್ರೀಯ ವಿಜ್ಞಾನ ದಿನ. ಇವೆರಡರ ನಡುವೆ ಜಿಲ್ಲೆಯ ಶಾಲೆಗಳಿಂದ ನನಗೆ ಬರುವ ಪ್ರಶ್ನೆಗಳು ವರ್ಷವೂ ಅವೇ. ಈ ಸಲ ಸ್ವಲ್ಪ ಖಾರವಾಗಿಯೇ ಉತ್ತರಿಸುತ್ತಿದ್ದೇನೆ.

ಒಂಬತ್ತನೇ ತರಗತಿಗೆ ಕೊಲಂಬಿಯಾ ದುರಂತದ ಪ್ರಾಜೆಕ್ಟ್ ಕೊಟ್ಟೆ. ಎಲ್ಲರೂ ಒಂದೇ ಥರ ಬರೆದು ತಂದಿದ್ದಾರೆ. ಸ್ವಂತವಾಗಿ ಬರೆಸುವುದು ಹೇಗೆ? ಊರಿನಲ್ಲಿ ನೆಟ್‌ವರ್ಕ್ ಕೂಡ ಸರಿಯಿಲ್ಲ. (ಶಿಕ್ಷಕಿ, ಹೊಸನಗರ ತಾಲ್ಲೂಕು)

ಮೇಡಂ, 'ಕೊಲಂಬಿಯಾ ದುರಂತ' ಎಂದು ತಲೆಬರಹ ಕೊಟ್ಟು ಕಳಿಸಿದರೆ ಮಕ್ಕಳು ಇನ್ನೇನು ಮಾಡಬೇಕು? 'ಹರಿಯಾಣದ ಕರ್ನಾಲ್‌ನಲ್ಲಿ ಜನಿಸಿದರು' ಎಂದು ಆರಂಭಿಸಿ 'ನಕ್ಷತ್ರವಾದರು' ಎಂದು ಮುಗಿಸುತ್ತಾರೆ. ನೌಕೆ ಏಕೆ ಮುರಿಯಿತು ಎಂಬುದು ನಾಲ್ಕು ಪುಟ ತಿರುವಿದರೂ ಸಿಗುವುದಿಲ್ಲ. ಏಳು ಜನ ಸತ್ತ ಅಪಘಾತಕ್ಕೆ ಕಾರಣ ಬರೆಯದೆ ಶ್ರದ್ಧಾಂಜಲಿ ಬರೆಸುವುದು ಪಾಠವಾಗುವುದಿಲ್ಲ.

ಹದಿನಾರು ದಿನಗಳನ್ನಷ್ಟೇ ಕೊಡಿ. 2003ರ ಜನವರಿ 16ರಂದು ನೌಕೆ ಹಾರಿದ 82ನೇ ಸೆಕೆಂಡಿನ ಹೊತ್ತಿಗೆ ಇಂಧನ ಟ್ಯಾಂಕಿನ ಹೊರಮೈಯಿಂದ ಕಳಚಿದ ಫೋಮ್ (ಶಾಖ ತಡೆಯುವ ಹಗುರ ಹೊದಿಕೆ) ತುಂಡು ಎಡರೆಕ್ಕೆಯ ಮುಂದಿನ ಅಂಚಿಗೆ ಬಡಿಯಿತು. ಮರುದಿನವೇ ಚಿತ್ರೀಕರಣದಲ್ಲಿ ಅದು ಕಂಡಿತು. ಕಕ್ಷೆಯಲ್ಲಿರುವ ನೌಕೆಯ ಚಿತ್ರ ತೆಗೆಸಿ ಹಾನಿ ನೋಡೋಣ ಎಂದು ಎಂಜಿನಿಯರುಗಳು ಕೇಳಿದರು. ಆ ಕೋರಿಕೆ ಈಡೇರಲಿಲ್ಲ. ಜನವರಿ 23ರಂದು ನೌಕೆಯ ಕಮಾಂಡರ್ ಮತ್ತು ಪೈಲಟ್‌ಗೆ ಇಮೇಲ್ ಹೋಯಿತು: ಫೋಮ್ ಬಡಿದಿದೆ, ಆತಂಕವಿಲ್ಲ. ಫೆಬ್ರವರಿ 1ರಂದು ಮರಳುವಾಗ ಆ ಪೆಟ್ಟು ಬಿದ್ದ ಜಾಗದಿಂದ ರೆಕ್ಕೆಯೊಳಕ್ಕೆ ಬಿಸಿ ಅನಿಲ ನುಗ್ಗಿತು. ಇಳಿಯಲು ಕಾಲು ಗಂಟೆ ಇರುವಾಗ ಟೆಕ್ಸಾಸ್ ಮೇಲೆ ನೌಕೆ ಚೂರಾಯಿತು. ಜುಲೈನಲ್ಲಿ ತನಿಖಾ ಮಂಡಳಿ ಅಂಥದೇ ಫೋಮನ್ನು ಅಂಥದೇ ರೆಕ್ಕೆಯ ಫಲಕಕ್ಕೆ ಹೊಡೆಸಿ ನೋಡಿತು. ಸುಮಾರು 40 ಸೆಂ.ಮೀ. ಅಗಲದ ತೂತು ಬಿತ್ತು.

ಇಂಥ ಹತ್ತು ಸಂಗತಿಗಳನ್ನು ನೀವೇ ಕನ್ನಡದಲ್ಲಿ ಚೀಟಿಗಳಾಗಿ ಬರೆದು, ದಿನಾಂಕ ಕತ್ತರಿಸಿ, ಕಲಸಿ ಗುಂಪುಗಳಿಗೆ ಹಂಚಿ. ನೆಟ್‌ವರ್ಕ್ ಬೇಕಾಗುವುದು ನಿಮಗೆ, ಅದೂ ಒಮ್ಮೆ: ತನಿಖಾ ವರದಿ ಅಂತರ್ಜಾಲದಲ್ಲಿ ಉಚಿತವಾಗಿದೆ, ಶಿವಮೊಗ್ಗಕ್ಕೆ ಹೋದಾಗ ಬೇಕಾದ ಪುಟಗಳನ್ನು ಮುದ್ರಿಸಿಕೊಂಡು ಬನ್ನಿ. ಮಕ್ಕಳು ಚೀಟಿಗಳನ್ನು ಹೊಂದಿಸುವಾಗಲೇ ಜಗಳ ಶುರುವಾಗುತ್ತದೆ. ಫೋಮೂ ನೌಕೆಯ ಜೊತೆಗೇ ಮೇಲೇರುತ್ತಿತ್ತಲ್ಲ, ಅಷ್ಟು ಜೋರಾಗಿ ಬಡಿದದ್ದು ಹೇಗೆ ಎಂದು ಯಾರಾದರೂ ಕೇಳಿಯೇ ಕೇಳುತ್ತಾರೆ. ಕೂಡಲೇ ಉತ್ತರ ಹೇಳಬೇಡಿ, ಒಂದು ದಿನ ಬಿಡಿ. ಹಗುರವಾದ ತುಂಡು ಗಾಳಿಗೆ ಸಿಕ್ಕಿ ಕ್ಷಣದಲ್ಲಿ ವೇಗ ಕಳೆದುಕೊಂಡಿತು, ಹಿಂದಿನಿಂದ ರೆಕ್ಕೆಯೇ ಬಂದು ಅದಕ್ಕೆ ಗುದ್ದಿತು. ತುಂಡಿನ ತೂಕ ಸುಮಾರು ಮುಕ್ಕಾಲು ಕಿಲೊ, ಗುದ್ದಿದ ವೇಗ ಗಂಟೆಗೆ ಸುಮಾರು 800 ಕಿ.ಮೀ. ಚಲನಶಕ್ತಿಯ ಲೆಕ್ಕ ಮಾಡಿಸಿ: 18,500 ಜೂಲ್ ಆಸುಪಾಸು ಬರುತ್ತದೆ. ಐವತ್ತು ಕಿಲೊ ಅಕ್ಕಿಮೂಟೆಯನ್ನು ಒಂದರ ಮೇಲೊಂದು ನಿಲ್ಲಿಸಿದ ಎರಡು ಅಡಿಕೆ ಮರಗಳ ತುದಿಯಿಂದ ಕೆಡವಿದಂತೆ.

ಬರವಣಿಗೆ ಆಮೇಲೆ. ಪ್ರಶ್ನೆ ಒಂದೇ: 'ಚಿತ್ರ ಬೇಡ ಎಂದ ಸಭೆಯಲ್ಲಿ ನೀನಿದ್ದರೆ ಏನು ಕೇಳುತ್ತಿದ್ದೆ?' ಪ್ರತಿ ವಾಕ್ಯದ ಪಕ್ಕದಲ್ಲಿ ಅದು ಯಾವ ಚೀಟಿಯಿಂದ ಬಂತು ಎಂದು ಸಂಖ್ಯೆ ಹಾಕಲಿ. ತೀರ್ಥಹಳ್ಳಿ ಕಡೆಯ ಹುಡುಗಿಯೊಬ್ಬಳು ಬರೆದಿದ್ದಳು: 'ತೂತು ಕಾಣುವುದಿಲ್ಲ ಎಂದರೆ ತೂತು ಇಲ್ಲ ಎಂದು ಅವರು ತಿಳಿದರು. ನೋಡಿದ್ದೀರಾ ಎಂದು ನಾನು ಕೇಳುತ್ತಿದ್ದೆ.' ಅವಳ ಕಾಗುಣಿತ ತಪ್ಪಿತ್ತು. ನಾನು ಪೂರ್ಣ ಅಂಕ ಕೊಟ್ಟೆ.

ಒಂದನ್ನು ಮಾತ್ರ ಖಂಡಿತ ಮಾಡಿಸಬೇಡಿ: 'ನೀನೇ ಕಲ್ಪನಾ ಎಂದು ಭಾವಿಸಿ ಕೊನೆಯ ಕ್ಷಣ ಬರೆ.' ತರಗತಿಯಲ್ಲಿ ಮನೆಯವರನ್ನು ಕಳೆದುಕೊಂಡ ಮಗು ಇರಬಹುದು. ಸಾವನ್ನು ಅಭಿನಯಿಸುವುದರಿಂದ ವಿಜ್ಞಾನವೂ ಬರುವುದಿಲ್ಲ, ಭಾಷೆಯೂ ಬರುವುದಿಲ್ಲ.

ನೌಕೆ ಸಿಡಿಯುವ ಉಪಗ್ರಹ ಚಿತ್ರಗಳು ವಾಟ್ಸ್‌ಆ್ಯಪ್‌ನಲ್ಲಿ ಬಂದಿವೆ. ಅಂಟಿಸಬಹುದೇ?

ಬೇಡ. ಉಪಗ್ರಹ ಚಿತ್ರವೆಂದು ವರ್ಷಗಳಿಂದ ಹರಿದಾಡುತ್ತಿರುವವು ಒಂದು ಸಿನಿಮಾದ ದೃಶ್ಯಗಳು.

ಗಳಿಗೆ ಸರಿಯಿರಲಿಲ್ಲ ಎಂದು ನಮ್ಮೂರಿನ ಜ್ಯೋತಿಷಿಗಳು ಹೇಳುತ್ತಾರೆ. ಅದನ್ನೂ ಸೇರಿಸಬಹುದೇ?

ತನಿಖಾ ವರದಿ ಕೈಯಲ್ಲಿರುವಾಗ ಮಗುವಿನ ಪುಸ್ತಕದಲ್ಲಿ ಪಂಚಾಂಗ ಬರೆಸುವುದು ಸತ್ತವರಿಗೂ ಮಗುವಿಗೂ ಮಾಡುವ ಅನ್ಯಾಯ.

ಕಲ್ಪನಾ ಹುಟ್ಟಿದ್ದು 1961ರಲ್ಲೋ 1962ರಲ್ಲೋ?

ಹುಟ್ಟಿದ್ದು 1962ರ ಮಾರ್ಚ್ 17. ಪರೀಕ್ಷೆಗೆ ವಯಸ್ಸು ಸಾಲದೆಂದು ದಾಖಲೆಯಲ್ಲಿ 1961ರ ಜುಲೈ 1 ಎಂದಾಯಿತು. ಎರಡನ್ನೂ ಬರೆಸಿ, ಕಾರಣ ಸಹಿತ.

ಕೊಲಂಬಿಯಾ ಬದಲು ಚಾಲೆಂಜರ್ ನೌಕೆಯ ದುರಂತ ಕೊಟ್ಟರೆ ಸುಲಭವೇ?

ಎಂಟನೇ ತರಗತಿಗೆ ಒಳ್ಳೆಯದು. 1986ರ ಜನವರಿ 28, ಹಾರಿದ 73ನೇ ಸೆಕೆಂಡು, ರಾಕೆಟ್ಟಿನ ಜೋಡಣೆಯಲ್ಲಿ ಅನಿಲ ಸೋರದಂತೆ ಹಾಕಿದ್ದ, ಚಳಿಗೆ ಬಿರುಸಾದ ರಬ್ಬರ್ ಉಂಗುರ. ಹಿಂದಿನ ರಾತ್ರಿಯೇ ಎಂಜಿನಿಯರುಗಳು ಹಾರಿಸುವುದು ಬೇಡವೆಂದಿದ್ದರು. ಭೌತವಿಜ್ಞಾನಿ ಫೈನ್‌ಮನ್ ತನಿಖಾ ಆಯೋಗದ ಮುಂದೆ ಆ ರಬ್ಬರನ್ನು ಐಸ್ ನೀರಿನಲ್ಲಿ ಅದ್ದಿ ತೋರಿಸಿದರು. ನೀವು ಅಂಗಡಿಯ ರಬ್ಬರ್ ಬ್ಯಾಂಡ್ ಅದ್ದಿ ತೋರಿಸಲು ಹೋಗಬೇಡಿ. ಆ ರಬ್ಬರ್ ಬೇರೆ, ಪ್ರಯೋಗ ಕೈಕೊಡುತ್ತದೆ.

ಸೈಬರ್ ಸೆಂಟರಿನಲ್ಲಿ ಬಣ್ಣದಲ್ಲಿ ಮಾಡಿಸಿದರೆ ಅಂಕ ಹೆಚ್ಚು ಬರುತ್ತದೆಯೇ? ಎಷ್ಟು ಪುಟ ಇರಬೇಕು? (ಪಾಲಕರು, ಸಾಗರ)

ನಾನಾಗಿದ್ದರೆ ಸೊನ್ನೆ ಕೊಡುತ್ತೇನೆ. ಎರಡು ಪುಟ, ಮಗುವಿನ ಕೈಬರಹದಲ್ಲಿ.